ಬಾವಲಿ ಲಂಡನ್ನಿಗೆ ಹೋಯಿತು, ಮಕ್ಕಳು ಬೆಳಗಾವಿಗೆ

ಫೆಬ್ರುವರಿ 28ರ ಬೆಳಿಗ್ಗೆ ಖಾನಾಪುರ ತಾಲೂಕಿನ ಕಾಡಂಚಿನ ಒಂದು ಪ್ರೌಢಶಾಲೆಯ ಮಕ್ಕಳ ಜೊತೆ ನಾನೂ ಬಸ್ಸು ಹತ್ತಿದ್ದೆ. ಬೆಳಗಾವಿಯ ಒಂದು ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಹಬ್ಬ ಇತ್ತು. ಉದ್ಘಾಟನೆಯ ಸುದ್ದಿ ನಾಲ್ಕು ಸಾಲು, ದೀಪ ಬೆಳಗುವ ಫೋಟೊ ಒಂದು, ಇಷ್ಟು ಸಾಕು ಎಂದು ಡೆಸ್ಕಿನವರು ಹೇಳಿದ್ದರು. ನಾಲ್ಕು ಸಾಲು ಕಳಿಸಿದೆ, ಫೋಟೊನೂ ಕಳಿಸಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಖಾನಾಪುರದಿಂದ ಬೆಳಗಾವಿಗೆ 26 ಕಿಲೋಮೀಟರ್. ಆದರೆ ಕಾಡಿನ ಕಡೆಯ ಹಳ್ಳಿಗಳಿಂದ ಖಾನಾಪುರಕ್ಕೆ ಬರುವುದೇ ಒಂದು ಪ್ರಯಾಣ. 2023ರ ಜೂನ್‌ನಿಂದ ಹುಡುಗಿಯರಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ ಇಲ್ಲ, ಖರೆ. ಆದರೆ ನಲವತ್ತು ಮಕ್ಕಳನ್ನು ಒಟ್ಟಿಗೆ ಕರೆದೊಯ್ಯಬೇಕೆಂದರೆ ಗಾಡಿ ಗೊತ್ತು ಮಾಡಬೇಕು, ಮೇಲಿನವರ ಅನುಮತಿ ಬೇಕು, ಪಾಲಕರ ಸಹಿ ಬೇಕು. ವಿಜ್ಞಾನದ ಟೀಚರ್ ಹದಿನೈದು ದಿನ ಇದೇ ಕೆಲಸದಲ್ಲಿದ್ದರು. ಬುತ್ತಿ ಕಟ್ಟಿಕೊಂಡು ಬರಬೇಕು, ಅಲ್ಲಿ ಯಾರೂ ಐಸ್‌ಕ್ರೀಮ್ ಕೇಳಬಾರದು ಎಂಬುದು ಅವರ ಎರಡು ಕರಾರು.

ಹಬ್ಬದಲ್ಲಿ ಎಲ್ಲ ಕಡೆ ಇರುವುದೇ ಇತ್ತು. ಥರ್ಮೋಕೋಲಿನ ಜ್ವಾಲಾಮುಖಿ, ಅದರ ಬಾಯಿಗೆ ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದರೆ ಉಕ್ಕುವ ಕೆಂಪು ನೊರೆ. ರಾಕೆಟ್ ಮಾದರಿ, ಹನಿ ನೀರಾವರಿ ಮಾದರಿ, ಕೈ ಮುಂದೆ ಹಿಡಿದರೆ ನಿಂತುಬಿಡುವ ಪುಟ್ಟ ರೋಬೋ. ಮಕ್ಕಳು ರೋಬೋದ ಮುಂದೆಯೇ ಅರ್ಧ ತಾಸು ಕಳೆದರು, ನಾನು ಹತ್ತು ನಿಮಿಷ. ಆಮೇಲೆ ಪ್ರಾಣಿಶಾಸ್ತ್ರದವರ ಮಳಿಗೆ ಬಂತು. ಪಶ್ಚಿಮ ಘಟ್ಟದ ಸಸ್ತನಿಗಳ ದೊಡ್ಡ ಚಾರ್ಟ್ ತೂಗುಹಾಕಿದ್ದರು, ಎಲ್ಲ ಇಂಗ್ಲಿಷಿನಲ್ಲಿ. ಅದರ ಕೆಳಮೂಲೆಯಲ್ಲಿ ಉದ್ದ ಕಿವಿಯ ಒಂದು ಬಾವಲಿ. ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಅಲ್ಲಿ ನಿಂತಳು.

"ಟೀಚರ್, ಇದು ವಟವಾಘೂಳ ಅಲ್ಲೇನ್ರಿ? ನಮ್ಮ ಮಾಮಾನ ಊರ ಕಡೆ ಗವ್ಯಾಗ ಅದಾವ್ರಿ."

ಮಳಿಗೆಯಲ್ಲಿದ್ದ ಕಾಲೇಜು ಹುಡುಗ ನಕ್ಕ. ಕೆಟ್ಟ ನಗು ಏನಲ್ಲ. "ಇದು ಬಹಳ ರೇರ್ ಇದೆಯಮ್ಮ, ನಾವೂ ನೋಡಿಲ್ಲ, ನಿಮ್ಮಲ್ಲಿ ಇರೋದು ಬೇರೆ ಇರಬೇಕು" ಅಂದ. ಅವಳು ಸುಮ್ಮನಾದಳು. ನಾನು ಬಗ್ಗಿ ನೋಡಿದೆ. ಬಾವಲಿಯ ಹೆಸರಿನ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ಅದು ಸಿಕ್ಕ ಜಾಗ ಬರೆದಿತ್ತು: ಬಾರಾಪೇಡೆ ಗುಹೆ, ತಳೇವಾಡಿ, ಬೆಳಗಾವಿ ಜಿಲ್ಲೆ.

ತಳೇವಾಡಿ ಇರುವುದು ಖಾನಾಪುರ ತಾಲೂಕಿನಲ್ಲಿ, ಭೀಮಗಡದ ಕಾಡಿನೊಳಗೆ. ಹುಡುಗಿ ಹೇಳಿದ ಗವಿ ಅದೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಅಲ್ಲಿ ಬೇರೆ ಬಾವಲಿಗಳೂ ಇವೆ. ಆದರೆ ಅವಳ ಮಾತನ್ನು ನಕ್ಕು ಬಿಡುವ ಮೊದಲು ಕೇಳಬೇಕಿದ್ದ ಪ್ರಶ್ನೆಗಳಂತೂ ಇದ್ದವು.

ಆ ಬಾವಲಿಯ ಕಥೆ ಹೀಗಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ದೇಶದ ಸಸ್ತನಿಗಳ ಸಮೀಕ್ಷೆ ಆರಂಭಿಸಿತು. ಸಂಗ್ರಹಕಾರರು ಕಾಡು ತಿರುಗಿ ಪ್ರಾಣಿಗಳ ಚರ್ಮ, ತಲೆಬುರುಡೆ ಕೂಡಿಹಾಕುವುದು, ಅವನ್ನು ಹಡಗಿನಲ್ಲಿ ಲಂಡನ್ನಿಗೆ ಕಳಿಸುವುದು, ಅಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಪಂಡಿತರು ಅಳೆದು ಹೆಸರಿಡುವುದು. ನಮ್ಮ ಸೀಮೆ ಆಗ ಮುಂಬೈ ಪ್ರಾಂತದಲ್ಲಿತ್ತು. ತಳೇವಾಡಿಯ ಗುಹೆಯ ಬಾವಲಿಯೂ ಹೀಗೆ ಸಮುದ್ರ ದಾಟಿತು. ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞ 1913ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿದ. ಹೆಸರು ಇಟ್ಟದ್ದು ರಾಟನ್ ಎಂಬುವನದು. ಆತ ಮುಂಬೈ ಪ್ರಾಂತದ ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತನಾಗಿ, ಸಮೀಕ್ಷೆಯ ಮಾದರಿಗಳನ್ನು ಲಂಡನ್ನಿನಲ್ಲಿ ಕುಳಿತು ವಿಂಗಡಿಸುತ್ತಿದ್ದ. ಇವತ್ತಿಗೂ ಅದು ರಾಟನ್ನನ ಬಾವಲಿಯೇ. ಬಾಲ ಪೊರೆಯ ಆಚೆ ಸಡಿಲವಾಗಿ ಚಾಚಿಕೊಂಡಿರುತ್ತದೆ, ಕಿವಿ ದೊಡ್ಡವು, ಮೈ ಗಾಢ ಕಂದು, ಕತ್ತಿನ ಹಿಂದೆ ತಿಳಿ ಬಣ್ಣದ ಪಟ್ಟಿ. ತಿನ್ನುವುದು ಹುಳುಹುಪ್ಪಟೆ.

ಅಲ್ಲಿಂದ ಮುಂದೆ ಹೆಚ್ಚುಕಡಿಮೆ ತೊಂಬತ್ತು ವರ್ಷ ಈ ಜಾತಿ ನೆಲೆಸಿರುವ ತಾಣವೆಂದು ಜಗತ್ತಿಗೆ ಗೊತ್ತಿದ್ದದ್ದು ಈ ಒಂದೇ ಗುಹೆ. 2000ದ ಆಚೀಚೆಗಷ್ಟೇ ಕಾಂಬೋಡಿಯಾ ಮತ್ತು ಮೇಘಾಲಯಗಳಲ್ಲಿಯೂ ಇದೆ ಎಂದು ತಿಳಿಯಿತು. ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಕೊಟ್ಟ ಮೊದಲನೇ ಅನುಸೂಚಿಯ ರಕ್ಷಣೆ ಈ ಬಾವಲಿಗೂ ಇದೆ. 2011ರಲ್ಲಿ ಭೀಮಗಡ ವನ್ಯಧಾಮ ಘೋಷಣೆಯಾದಾಗ ಅದರ ಪರವಾಗಿ ಎತ್ತಿದ ವಾದಗಳಲ್ಲಿ ಈ ಬಾವಲಿಯೂ ಒಂದು. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಕಾಡು ಬಿಟ್ಟು ಹೊರಬರಲು ಪರಿಹಾರ ವಿತರಿಸುವುದೂ ಶುರುವಾಯಿತು. ಅಂದರೆ ಒಂದು ಶತಮಾನದ ಹಿಂದೆ ಗುಹೆಯ ದಾರಿ ಗೊತ್ತಿದ್ದ ಊರಿನ ಹೆಸರು ಇನ್ನು ಮುಂದೆ ಚಾರ್ಟಿನ ಸಣ್ಣ ಅಕ್ಷರದಲ್ಲಿ ಮಾತ್ರ ಉಳಿಯಬಹುದು. ಅದು ಬೇರೆಯೇ ಚರ್ಚೆ, ಇನ್ನೊಮ್ಮೆ ಬರೆಯುತ್ತೇನೆ.

ಇಲ್ಲಿ ನನ್ನ ಮಾತು ಇಷ್ಟೇ. ಹಳ್ಳಿಯ ಮಕ್ಕಳು ವಿಜ್ಞಾನ ನೋಡಲು ನಗರಕ್ಕೆ ಬರುವುದು ತೀರ ಇತ್ತೀಚಿನದು. ಅದಕ್ಕೂ ಬಹಳ ಮೊದಲೇ ವಿಜ್ಞಾನ ಈ ಹಳ್ಳಿಗಳಿಗೆ ಬಂದು ಹೋಗಿತ್ತು. ಬಂದದ್ದು, ಅಳೆದದ್ದು, ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದದ್ದು. ಊರವರಿಗೆ ಏನು ಸಿಕ್ಕಿತೆಂದು ಹೇಳಿ ಹೋಗುವ ರೂಢಿ ಮಾತ್ರ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಅದರ ನೆರಳು ಪಶ್ಚಿಮ ಕರಾವಳಿಯಿಂದ ನಮ್ಮ ಸೀಮೆ ಹಾಯ್ದು ಗುಂಟೂರು, ಮಚಲೀಪಟ್ಟಣದ ಕಡೆ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕುಳಿತಿದ್ದ, ಅವನ ಹೆಸರು ಪಠ್ಯಪುಸ್ತಕಗಳಲ್ಲಿದೆ. ಅದೇ ದಿನ ಜಮಖಂಡಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಇನ್ನೊಬ್ಬ ದೂರದರ್ಶಕ ಹೂಡಿದ್ದ. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂದು, ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಅಧಿಕಾರಿ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ, ಈಗ ಬಾಗಲಕೋಟೆ ಜಿಲ್ಲೆ.

ಆಗಸ್ಟ್ ಎಂದರೆ ಮಳೆಗಾಲ. ಮೋಡ ಕಾಟ ಕೊಟ್ಟಿತು. ಖಗ್ರಾಸದ ಆ ಕೆಲವೇ ನಿಮಿಷಗಳಲ್ಲಿ ಮೋಡ ಸರಿದ ಸಂದಿಯೊಳಗೆ ಹರ್ಷೆಲ್ ವರ್ಣದರ್ಶಕವನ್ನು ಸೂರ್ಯನ ಅಂಚಿನ ಕೆಂಪು ಜ್ವಾಲೆಯ ಕಡೆ ತಿರುಗಿಸಿದ. ಕಾಮನಬಿಲ್ಲಿನ ಹಾಗೆ ಒಂದಕ್ಕೊಂದು ಸೇರಿಕೊಂಡ ಬಣ್ಣ ಕಾಣಲಿಲ್ಲ. ಬಿಡಿಬಿಡಿಯಾಗಿ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಗೆರೆಗಳು ಬಿಡಿಯಾಗಿ ಕಂಡರೆ ಅದು ಉರಿಯುತ್ತಿರುವ ಅನಿಲ ಎಂದರ್ಥ. ಸೂರ್ಯನ ಸುತ್ತ ಗ್ರಹಣದಲ್ಲಿ ಕಾಣುವ ಆ ಜ್ವಾಲೆಗಳು ಏನೆಂಬ ಹಳೆಯ ತಕರಾರು ಅಂದು ಗುಂಟೂರು, ಜಮಖಂಡಿಯಂಥ ಊರುಗಳಲ್ಲಿ ಮುಗಿಯಿತು. ಆ ಕಿತ್ತಳೆ ಹಳದಿ ಗೆರೆಯ ಬೆನ್ನು ಹತ್ತಿದವರಿಗೇ ಮುಂದೆ ಹೀಲಿಯಂ ಸಿಕ್ಕಿತು. ಬಲೂನಿಗೆ ತುಂಬುವ ಅನಿಲ ಎಂದು ಹಬ್ಬದ ಒಂದು ಮಳಿಗೆಯಲ್ಲಿ ಮಕ್ಕಳಿಗೆ ಪರಿಚಯ ಮಾಡಿಸಿದರಲ್ಲ, ಅದೇ ಹೀಲಿಯಂ. ಜಮಖಂಡಿಯ ಹೆಸರು ಮಾತ್ರ ಯಾರೂ ಎತ್ತಲಿಲ್ಲ.

ಹರ್ಷೆಲ್ ಬಂದ ಆ ಕಾಲದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಬೆಳಗಾವಿ, ಕಲಾದಗಿ ಭಾಗದಲ್ಲಿ ಕಲ್ಲು ನೋಡುತ್ತ ಸುತ್ತುತ್ತಿದ್ದ. ಅವನು ದಕ್ಷಿಣ ಮರಾಠಾ ಸೀಮೆ ಎಂದು ಕರೆದ ಈ ಪ್ರದೇಶದ ಭೂವಿವರ 1876ರಲ್ಲಿ ಅಚ್ಚಾಯಿತು. ಗೋಕಾಕದ ಹತ್ತಿರ ಹಳ್ಳದ ದಂಡೆಯಲ್ಲಿ ಅವನಿಗೆ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತ್ತು. ಹೌದು, ಗೋಕಾಕದಲ್ಲಿ ಘೇಂಡಾಮೃಗ! ಮಲಪ್ರಭೆ, ಘಟಪ್ರಭೆಯ ಕಣಿವೆಗಳಲ್ಲಿ ಆದಿಮಾನವರ ಕಲ್ಲಿನ ಆಯುಧಗಳೂ ಸಿಕ್ಕವು. ಪ್ರತಿ ವರ್ಷ ಶಾಲೆಗಳ ಎಷ್ಟು ಬಸ್ಸು ಗೋಕಾಕ ಫಾಲ್ಸಿಗೆ ಹೋಗುತ್ತವೆ, ತೂಗುಸೇತುವೆಯ ಮೇಲೆ ಎಷ್ಟು ಫೋಟೊ ತೆಗೆಯುತ್ತವೆ. ನಾನೂ ಏಳನೆಯ ಇಯತ್ತೆಯಲ್ಲಿ ಹೋಗಿದ್ದೆ. ಘೇಂಡಾಮೃಗದ ಸುದ್ದಿ ಗೊತ್ತಾದದ್ದು ಪತ್ರಕರ್ತನಾದ ಮೇಲೆ.

ಫೂಟ್‌ನ ಪುಸ್ತಕದ ಇನ್ನೊಂದು ವಿಷಯ ಆ ದಿನ ನೆನಪಾಗಿ ನಗು ಬಂತು. ಬೆಳಗಾವಿ ನಗರ ನಿಂತಿರುವುದು ಲಾವಾ ಶಿಲೆಯ ಮೇಲೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪದರ ಪದರವಾಗಿ ಉಕ್ಕಿ ಹರಿದು ದಖನ್ನಿನ ಪ್ರಸ್ಥಭೂಮಿ ಕಟ್ಟಿದ ಲಾವಾದ ದಕ್ಷಿಣದ ಅಂಚು ನಮ್ಮ ಜಿಲ್ಲೆಯಲ್ಲೇ ಮುಗಿಯುತ್ತದೆ. ಖಾನಾಪುರದಿಂದ ದಕ್ಷಿಣಕ್ಕೆ ಹೋದಂತೆ ಅದಕ್ಕಿಂತ ನೂರಾರು ಕೋಟಿ ವರ್ಷ ಹಳೆಯ ಬಂಡೆ ಸಿಗುತ್ತದೆ. ಮಕ್ಕಳ ಬಸ್ಸು ಬೆಳಿಗ್ಗೆ ದಾಟಿ ಬಂದದ್ದು ಭೂಮಿಯ ಇತಿಹಾಸದ ಅಂಥ ಒಂದು ಗಡಿಯನ್ನು. ಬಂದು ನೋಡಿದ್ದು ಥರ್ಮೋಕೋಲಿನ ಜ್ವಾಲಾಮುಖಿ.

ಇನ್ನು ವಿಶ್ವವಿದ್ಯಾಲಯದ ಕಥೆ. 1857ರಲ್ಲಿ ಮುಂಬೈ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಬೆಳಗಾವಿಯ ಹುಡುಗ ಪದವಿ ಓದಬೇಕೆಂದರೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂತು. ಅದಕ್ಕೂ ಒಂದು ವರ್ಷ ಮೊದಲು, 1916ರಲ್ಲಿ, ಏಳು ಜನ ತರುಣ ಶಿಕ್ಷಕರು ಸೇರಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ ಕಟ್ಟಿದ್ದರು. ಅದರ ಲಿಂಗರಾಜ ಕಾಲೇಜು ಬರಲು 1933 ಆಗಬೇಕಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು, ಅದೂ ಮುಂಬೈಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. 1982ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಬೆಳಗಾವಿಗೆ ಬಂತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅದೂ ಖಾನಾಪುರ ರಸ್ತೆಯಲ್ಲೇ, ಮಚ್ಛೆಯಲ್ಲಿ. 2010ರಲ್ಲಿ ಆ ಸ್ನಾತಕೋತ್ತರ ಕೇಂದ್ರವೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು, ಭೂತರಾಮನಹಟ್ಟಿಯಲ್ಲಿ. ನಡುವೆ ಕೆಎಲ್ಇಯದೂ ಒಂದು ಸ್ವಾಯತ್ತ ವಿಶ್ವವಿದ್ಯಾಲಯವಾಯಿತು. ಒಂದೂವರೆ ಶತಮಾನದಲ್ಲಿ ವಿಶ್ವವಿದ್ಯಾಲಯ ಐನೂರು ಕಿಲೋಮೀಟರ್ ದೂರದಿಂದ ಸರಿಯುತ್ತ ಸರಿಯುತ್ತ ಖಾನಾಪುರದ ಬಸ್ಸಿನ ಕಿಟಕಿಗೆ ಕಾಣುವಷ್ಟು ಹತ್ತಿರ ಬಂದಿದೆ. ಜ್ಞಾನ ಸಂಗಮದ ಗೇಟು ನೋಡದೆ ಖಾನಾಪುರದವರು ಬೆಳಗಾವಿ ಮುಟ್ಟುವುದಿಲ್ಲ. ಒಳಗೆ ಏನು ನಡೆಯುತ್ತದೆಂದು ನೋಡಿದವರು ಎಷ್ಟು ಜನ ಎಂದು ಬಸ್ಸಿನಲ್ಲಿ ಕೇಳಿದೆ. ಒಬ್ಬನೇ ಕೈ ಎತ್ತಿದ. ಅವನ ಅಪ್ಪ ಅಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದನಂತೆ.

ಈ ದಾರಿಯಲ್ಲಿ ನಡೆದು ದೂರ ಹೋದವರೂ ಇದ್ದಾರೆ. ದಾದಪ್ಪ ಚಿಂತಪ್ಪ ಪಾವಟೆ ಹುಟ್ಟಿದ್ದು 1899ರಲ್ಲಿ, ಗೋಕಾಕ ತಾಲೂಕಿನ ಮಮದಾಪುರದಲ್ಲಿ. ಹಳ್ಳಿಯ ಸಾಲಿಯಿಂದ ಹೊರಟು ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಆದರು. ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದು, 1954ರಿಂದ 1967ರ ತನಕ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆ ದೊಡ್ಡ ಆವರಣ ಬೆಳೆದದ್ದು ಅವರ ಕಾಲದಲ್ಲಿ. ಪಾವಟೆಯವರನ್ನು ಎಲ್ಲ ಭಾಷಣಗಳಲ್ಲಿ ಹೆಸರಿಸುತ್ತಾರೆ. ನನಗೆ ಅನಿಸುವುದು, ಅಂಥವರನ್ನು ಮಾದರಿಯೆಂದು ತೋರಿಸುವುದರಲ್ಲೂ ಒಂದು ತೊಡಕಿದೆ. ಸಾವಿರಕ್ಕೊಬ್ಬ ಊರು ಬಿಟ್ಟು ಹೋಗಿ ದೊಡ್ಡವನಾಗುತ್ತಾನೆ. ಉಳಿದ 999 ಮಕ್ಕಳಿಗೆ ವಿಜ್ಞಾನ ಎಲ್ಲಿ ಸಿಗಬೇಕು?

ಆ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದ್ದು 1980ರ ದಶಕ. ಅದಕ್ಕೂ ಮೊದಲು ಪ್ರದರ್ಶನಗಳು ಇರಲಿಲ್ಲವೆಂದಲ್ಲ. ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ 1888ರಲ್ಲೇ ನಡೆದಿತ್ತು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ 1965ರಿಂದ ಜನರಿಗೆ ತೆರೆದಿತ್ತು. ಆದರೆ ನಮ್ಮ ಸೀಮೆಯವರಿಗೆ ಮೈಸೂರು 1956ರ ತನಕ ಬೇರೆ ರಾಜ್ಯ, ಬೆಂಗಳೂರು ಇವತ್ತಿಗೂ ಒಂದು ರಾತ್ರಿಯ ರೈಲು.

1980ರ ಫೆಬ್ರುವರಿ 16ರಂದು ಮತ್ತೆ ಖಗ್ರಾಸ ಗ್ರಹಣ ಬಂತು. ನೆರಳಿನ ಪಟ್ಟಿ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾಯ್ದಿತ್ತು. ಗದಗಿಗೆ, ರಾಯಚೂರಿಗೆ ವಿಜ್ಞಾನಿಗಳು ದೂರದರ್ಶಕ ಹೊತ್ತು ಬಂದರು. ಊರ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ನಮ್ಮವ್ವ ಆಗ ಸಣ್ಣ ಹುಡುಗಿ, ಕಿಟಕಿಗೆ ಗೋಣಿ ಕಟ್ಟಿದ್ದರೆಂದು ಈಗಲೂ ಹೇಳುತ್ತಾಳೆ. ಮಧ್ಯಾಹ್ನ ಮೂರೂವರೆಯ ಮೇಲೆ ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲವಂತೆ. 1868ಕ್ಕೂ 1980ಕ್ಕೂ 112 ವರ್ಷದ ಅಂತರ. ಜಮಖಂಡಿಯಲ್ಲಿ ಹರ್ಷೆಲ್ ನಿಂತಾಗ ಊರು ಎಲ್ಲಿತ್ತೋ, ಗದಗಿನಲ್ಲಿ ನಮ್ಮದೇ ವಿಜ್ಞಾನಿಗಳು ನಿಂತಾಗಲೂ ಅಲ್ಲೇ ಇತ್ತು: ಬಾಗಿಲ ಹಿಂದೆ.

ಅದೇ 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಆರಂಭವಾಯಿತು. ಅದರ ಬಾಲ ವಿಜ್ಞಾನ ಮಾಸಿಕ ಜಿಲ್ಲೆಯ ಎಷ್ಟೋ ಶಾಲೆಗಳಿಗೆ ಅಂಚೆಯಲ್ಲಿ ಬರುತ್ತಿತ್ತು. ನಮ್ಮ ಶಾಲೆಯ ಬೀರುವಿನಲ್ಲೂ ಹಳೆಯ ಸಂಚಿಕೆಗಳ ಒಂದು ಕಟ್ಟು ಇತ್ತು. ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ಟರಂಥವರು ಕನ್ನಡದಲ್ಲೇ ವಿಜ್ಞಾನ ಹೇಳುವ ದಾರಿ ಹಾಕಿಕೊಟ್ಟರು. 1987ರಿಂದ ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನವಾಯಿತು, 1928ರಲ್ಲಿ ರಾಮನ್ ತಮ್ಮ ಪರಿಣಾಮವನ್ನು ಪ್ರಕಟಿಸಿದ ದಿನದ ನೆನಪಿಗೆ. ಅದೇ ವರ್ಷ ಅಕ್ಟೋಬರ್ 2ರಂದು ದೇಶದ ಐದು ದಿಕ್ಕಿನಿಂದ ಭಾರತ ಜನ ವಿಜ್ಞಾನ ಜಾಥಾ ಹೊರಟು ಹಾಡು, ನಾಟಕ ಆಡುತ್ತ ನವೆಂಬರ್ 7ಕ್ಕೆ ಭೋಪಾಲ ಸೇರಿತು. ಭೋಪಾಲನ್ನೇ ಯಾಕೆ ಆರಿಸಿದರೆಂದರೆ, ಮೂರು ವರ್ಷದ ಹಿಂದೆ ವಿಷಾನಿಲ ದುರಂತ ನಡೆದದ್ದು ಅಲ್ಲಿ. ವಿಜ್ಞಾನವನ್ನು ಬರೇ ಹೊಗಳಲು ಹೊರಟ ಮೆರವಣಿಗೆಯಾಗಿರಲಿಲ್ಲ ಅದು.

ನನ್ನ ಲೆಕ್ಕದಲ್ಲಿ ನಿಜವಾದ ತಿರುವು 1993. ಆ ವರ್ಷ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಶುರುವಾಯಿತು. 10ರಿಂದ 17 ವರ್ಷದ ಮಕ್ಕಳು ಗುಂಪು ಮಾಡಿಕೊಂಡು ತಮ್ಮ ಊರಿನದೇ ಒಂದು ಪ್ರಶ್ನೆ ಹಿಡಿದು, ಅಳತೆ ಮಾಡಿ, ದಿನಚರಿ ಬರೆದು, ಜಿಲ್ಲೆಯಲ್ಲಿ ಮಂಡಿಸಬೇಕು. ಗೆದ್ದರೆ ರಾಜ್ಯ, ಆಮೇಲೆ ರಾಷ್ಟ್ರ. ಮಾದರಿ ಕೊಂಡುತಂದು ಇಡುವಂತಿಲ್ಲ. ತಮ್ಮ ಭಾಷೆಯಲ್ಲೇ ಮಾತಾಡಬಹುದು. ಶಾಲೆ ಬಿಟ್ಟ ಮಕ್ಕಳೂ ಭಾಗವಹಿಸಬಹುದು. ವಿಜ್ಞಾನದ ಬಗ್ಗೆ ಸರಕಾರ ಮಾಡಿದ ನಿಯಮಗಳಲ್ಲಿ ಇಷ್ಟು ಒಳ್ಳೆಯದನ್ನು ನಾನು ಬೇರೆ ಕಂಡಿಲ್ಲ. ಬಾವಿಯ ನೀರು ಯಾಕೆ ಉಪ್ಪಾಯಿತು, ಗದ್ದೆಯಲ್ಲಿ ಕಪ್ಪೆ ಯಾಕೆ ಕಡಿಮೆಯಾದವು ಎಂದು ಕೇಳುವ ಮಗುವಿಗೆ ಇಲ್ಲಿ ಜಾಗವಿದೆ. ಗವಿಯಲ್ಲಿ ಬಾವಲಿ ಇದೆ ಎನ್ನುವ ಹುಡುಗಿಗೂ ಇದೆ.

ಹಬ್ಬಗಳು ಬೇರೆ ದಾರಿ ಹಿಡಿದವು. ವಿಶ್ವವಿದ್ಯಾಲಯಗಳು ಬಾಗಿಲು ತೆರೆದದ್ದು ಸಣ್ಣ ವಿಷಯವಲ್ಲ, ಅದನ್ನು ಅಲ್ಲಗಳೆಯುತ್ತಿಲ್ಲ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆಯ ಕೋಶ ಕಂಡಾಗ ಒಬ್ಬ ಹುಡುಗ "ಇಟ್ಟಂಗಿ ಇಟ್ಟಾಂಗ ಐತಲ್ಲೋ" ಎಂದು ಕೂಗಿದ. ಅವನ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದೆ, ಆದರೆ ಬೀರುವಿನೊಳಗೆ ಇದೆ. ಆ ಒಂದು ಕೂಗಿಗಾಗಿ ಬಸ್ಸಿನ ಖರ್ಚು ವಸೂಲಾಯಿತು ಎಂದರು ಟೀಚರ್. ಆದರೆ ಇಡೀ ದಿನ ಮಕ್ಕಳು ನೋಡುವವರು, ಕಾಲೇಜಿನವರು ತೋರಿಸುವವರು. ಮಕ್ಕಳು ತೋರಿಸುವಂಥದು ಏನಾದರೂ ಇರಬಹುದೆಂದು ಹಬ್ಬದ ನಕ್ಷೆ ಹಾಕಿದವರಿಗೆ ಹೊಳೆದಿರಲಿಲ್ಲ.

ಭಾಷೆಯ ಮಾತೂ ಹೇಳಿಬಿಡುತ್ತೇನೆ. ನಮ್ಮ ಕಡೆ ಇದು ಸೂಕ್ಷ್ಮ ವಿಷಯ, ಆದರೆ ಮಕ್ಕಳ ಮಟ್ಟದಲ್ಲಿ ನೋಡಿದರೆ ಸರಳ. ಖಾನಾಪುರ ತಾಲೂಕಿನಲ್ಲಿ ಕನ್ನಡ ಶಾಲೆಗಳೂ ಇವೆ, ಮರಾಠಿ ಶಾಲೆಗಳೂ ಇವೆ. ಎಲೆ ಬಿಸಿಲಿನಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುವುದನ್ನು ಕನ್ನಡ ಮಾಧ್ಯಮದ ಮಗು ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿದೆ. ಮರಾಠಿ ಮಾಧ್ಯಮದ ಮಗು ಪ್ರಕಾಶಸಂಶ್ಲೇಷಣ ಎಂದು. ಮಳಿಗೆಯ ಫಲಕದಲ್ಲಿ ಇದ್ದದ್ದು ಫೋಟೋಸಿಂಥೆಸಿಸ್, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಮೂರೂ ಒಂದೇ ಎಂದು ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಕೊಡುವವರು ಎಲ್ಲ ಮಳಿಗೆಯಲ್ಲಿ ಇರಲಿಲ್ಲ. ವಿವರಿಸುತ್ತಿದ್ದ ಹುಡುಗ ಹುಡುಗಿಯರೂ ಹಳ್ಳಿಯವರೇ, ಮನೆಯಲ್ಲಿ ಕನ್ನಡ ಅಥವಾ ಮರಾಠಿ ಮಾತಾಡುವವರೇ. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಮೇಲೆ ಇಂಗ್ಲಿಷ್ ಬಂದುಬಿಟ್ಟಿತ್ತು. ಒಬ್ಬಳು ಮಾತ್ರ ಫಲಕ ಬದಿಗಿಟ್ಟು "ಬರ್ರಿಲ್ಲೆ, ಎಲಿ ಹೆಂಗ ಅಡಗಿ ಮಾಡತೈತಿ ತೋರಸ್ತೀನಿ" ಅಂದಳು. ಅವಳ ಮಳಿಗೆಯ ಮುಂದಿನ ಗದ್ದಲ ಕೊನೆಯ ತನಕ ಕರಗಲಿಲ್ಲ.

ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಖಾನಾಪುರದ ಮಕ್ಕಳು ಇಲ್ಲಿ ಏನು ತಂದು ತೋರಿಸಬಹುದು ಎಂದು ಟೀಚರ್ ಹತ್ತಿರ ಕೇಳಿದೆ. ಅವರು ಇದನ್ನು ಮೊದಲೇ ಯೋಚಿಸಿದ್ದರೆಂದು ಕಾಣುತ್ತದೆ, ಥಟ್ಟನೆ ಹೇಳತೊಡಗಿದರು. ಮೊದಲನೆಯದು ಮಣ್ಣು. ಖಾನಾಪುರದ ಜೇಡಿಮಣ್ಣು ಹೆಸರುವಾಸಿ. ಕುಂಬಾರಿಕೆ, ಹಂಚು, ಇಟ್ಟಂಗಿ ಎಲ್ಲ ಅದರಿಂದ. ಗ್ರಾಮೀಣ ಕುಂಬಾರಿಕೆ ಕಲಿಸುವ ಕೇಂದ್ರ ಸರಕಾರದ ಸಂಸ್ಥೆಯನ್ನು ಖಾದಿ ಗ್ರಾಮೋದ್ಯೋಗದವರು ಇಲ್ಲಿ ಇಟ್ಟದ್ದೂ ಆ ಮಣ್ಣಿಗಾಗಿಯೇ. ಹಸಿ ಮಡಕೆ ಆವಿಗೆಯಲ್ಲಿ ಸುಟ್ಟ ಮೇಲೆ ನೀರಿಗೆ ಯಾಕೆ ಕರಗುವುದಿಲ್ಲ ಎಂಬುದು ಪೂರಾ ರಸಾಯನಶಾಸ್ತ್ರ. ಅವರ ತರಗತಿಯಲ್ಲಿ ಇಬ್ಬರು ಕುಂಬಾರರ ಮಕ್ಕಳಿದ್ದಾರೆ. ತಿಗರಿಯ ಮೇಲೆ ಕೈ ಕುಳಿತವರು. ಪರೀಕ್ಷೆಯಲ್ಲಿ ವಿಜ್ಞಾನದ ಅಂಕ ಕೇಳಬೇಡಿ ಎಂದು ನಕ್ಕರು.

ಎರಡನೆಯದು ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲೂಕು. ಅಲ್ಲಿ ಸುರಿಯುವ ಮಳೆಯ ಕಾಲುಭಾಗವೂ ಇದೇ ಜಿಲ್ಲೆಯ ಅಥಣಿಗೆ ಇಲ್ಲ. ಎರಡೂ ಕಡೆಯ ಶಾಲೆಗಳಲ್ಲಿ ಒಂದೊಂದು ಡಬ್ಬಿ, ಒಂದೊಂದು ಅಳತೆಪಟ್ಟಿ ಇಟ್ಟು ಜೂನ್‌ನಿಂದ ಸೆಪ್ಟೆಂಬರ್ ತನಕ ಬರೆದಿಟ್ಟರೆ, ಘಟ್ಟ ಮೋಡವನ್ನು ಹೇಗೆ ತಡೆಯುತ್ತದೆ ಎಂಬುದಕ್ಕೆ ಬೇರೆ ಮಾದರಿ ಬೇಡ. ಮಹದಾಯಿ, ಕಳಸಾ ಬಂಡೂರಿ ಎಂದು ನಾವು ಪತ್ರಕರ್ತರು ವರ್ಷಗಟ್ಟಲೆ ಬರೆದಿದ್ದೇವೆ. ಆ ನೀರು ಬೀಳುವ ಊರಿನ ಮಗುವಿನ ಕೈಯಲ್ಲಿ ಮಳೆಯ ಅಂಕಿ ಇದ್ದರೆ ನಮಗೂ ಉಪಯೋಗವಾಗುತ್ತಿತ್ತು.

ಮೂರನೆಯದು ಬಾವಲಿ. ಗವಿಗೆ ಹೋಗುವಂತಿಲ್ಲ, ಅದು ವನ್ಯಧಾಮ, ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಮಕ್ಕಳು ಗುಂಪಾಗಿ ಹೋದರೆ ಬಾವಲಿಗಳಿಗೂ ತೊಂದರೆ. ಆದರೆ ಸಂಜೆ ಊರ ದೀಪದ ಕಂಬದ ಹತ್ತಿರ ಬರುವ ಬಾವಲಿಗಳನ್ನು ಎಣಿಸಬಹುದು, ಯಾವ ತಿಂಗಳು ಹೆಚ್ಚು, ಯಾವ ತಿಂಗಳು ಕಡಿಮೆ ಎಂದು ಬರೆದಿಡಬಹುದು. ಅಜ್ಜಂದಿರು ಅವನ್ನು ಏನೆಂದು ಕರೆಯುತ್ತಿದ್ದರು ಎಂದೂ ಕೇಳಬಹುದು. ಥಾಮಸ್ ಇಟ್ಟ ಹೆಸರು ಪುಸ್ತಕದಲ್ಲಿದೆ. ಊರವರು ಇಟ್ಟ ಹೆಸರನ್ನು ಯಾರಾದರೂ ಬರೆದುಕೊಂಡಿದ್ದಾರೋ ಇಲ್ಲವೋ.

ಊಟ ಮುಗಿದ ಮೇಲೆ ಟೀಚರ್ ಸಂಘಟಕರ ಮೇಜಿಗೆ ಹೋಗಿ, ಬರುವ ವರ್ಷ ಹಳ್ಳಿಯ ಶಾಲೆಗಳಿಗೆ ಎರಡು ಮಳಿಗೆ ಬಿಟ್ಟುಕೊಡುವಿರಾ ಎಂದು ಕೇಳಿದರು. ಅಲ್ಲಿದ್ದವರು ಅರ್ಜಿ ಕೊಡಿ ಅಂದರು. ಟೀಚರ್ ಅಲ್ಲೇ ಹುಡುಗನೊಬ್ಬನ ನೋಟ್‌ಬುಕ್ಕಿನ ಹಾಳೆ ಹರಿದು ಕನ್ನಡದಲ್ಲಿ ಅರ್ಜಿ ಬರೆದು, ಶಾಲೆಯ ಹೆಸರು, ಫೋನ್ ನಂಬರ್ ಹಾಕಿ ಕೊಟ್ಟರು. ಸ್ವೀಕೃತಿಯ ಸಹಿಯನ್ನೂ ಕೇಳಿ ಪಡೆದರು. ಸರಕಾರಿ ನೌಕರಿಯಲ್ಲಿ ಇಪ್ಪತ್ತು ವರ್ಷ ಕಳೆದವರು.

ವಾಪಸು ಬರುವಾಗ ಮಚ್ಛೆ ದಾಟಿದ ಮೇಲೆ ಅರ್ಧ ಬಸ್ಸು ನಿದ್ದೆಯಲ್ಲಿತ್ತು. ಬಾವಲಿಯ ಹುಡುಗಿ ನನ್ನ ಹಿಂದಿನ ಸೀಟಿನಲ್ಲಿದ್ದಳು. ಚಾರ್ಟಿನಲ್ಲಿ ಓದಿದ ಊರಿನ ಹೆಸರನ್ನೂ, ಲಂಡನ್ನಿನ ಸುದ್ದಿಯನ್ನೂ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಸರ್, ಅವರು ಗವಿಗೆ ಹೋಗುಮುಂದ ದಾರಿ ಯಾರು ತೋರಿಸಿದ್ರು ಅಂತ ಬರದಾರೇನ್ರಿ?"

ಹುಡುಕಿ ನೋಡುತ್ತೇನೆ ಎಂದೆ. ಹುಡುಕುತ್ತಿದ್ದೇನೆ.